ಗಡಿಯಾರ ಯಾರ ಪಕ್ಷ?

ಕುಡಿದು ಗಾಡಿ ಓಡಿಸುವವನ ಪರ ವಕಾಲತ್ತು ವಹಿಸಲು ನಾವು ಹೊರಟಿಲ್ಲ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮರಳವಾಡಿಗೆ ಮರಳುವ ಕಾರ್ಮಿಕ, ಕೋಳಿ ಕೂಗುವ ಮೊದಲೇ ತರಕಾರಿ ಮೂಟೆಯೊಡನೆ ಪೇಟೆಗೆ ಹೊರಡುವ ಸಣ್ಣ ವ್ಯಾಪಾರಿ, ರಸ್ತೆಯ ಮೇಲೆ ದಿನವೂ ಪ್ರಾಣ ಒತ್ತೆಯಿಡುವವರು ಇವರೇ. ಆದುದರಿಂದಲೇ ಕೇಳುತ್ತೇವೆ: ಕುಡುಕನನ್ನು ಹಿಡಿಯಲು ಮಾಡಿದ ಕಾಯಿದೆ, ಅವನ ಅಮಲು ಇಳಿಯುವವರೆಗೆ ಕೈಕಟ್ಟಿ ಕುಳಿತರೆ ಆ ಕಾಯಿದೆ ಯಾರಿಗಾಗಿ?

ಲೆಕ್ಕ ಸರಳವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನಂತೆ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ಮೀರಿ ಮದ್ಯಸಾರ ಕಂಡರೆ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಆದರೆ ದೇಹವು ಗಂಟೆಗೆ ಸುಮಾರು 15 ಮಿಲಿ ಗ್ರಾಂನಂತೆ ಮದ್ಯವನ್ನು ಕರಗಿಸುತ್ತಲೇ ಇರುತ್ತದೆ. ಡಿಕ್ಕಿಯ ಹೊತ್ತಿಗೆ 75 ಇದ್ದವನು 3 ಗಂಟೆ ಕಳೆದರೆ 30ಕ್ಕೆ ಇಳಿಯುತ್ತಾನೆ. ಕಾಗದದ ಮೇಲೆ ನಿರಪರಾಧಿ! ಸತ್ತವನು ಮಾತ್ರ ಎದ್ದು ಬರುವುದಿಲ್ಲ.

ಉಸಿರಿನ ಪರೀಕ್ಷೆ ಸಾಧ್ಯವಾದಷ್ಟು ಬೇಗ ಆಗಬೇಕೆಂದು 203ನೇ ಕಲಮು ಹೇಳುತ್ತದೆ. ಬಂಧಿಸಿದವನನ್ನು 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷಿಸದಿದ್ದರೆ ಬಿಟ್ಟುಬಿಡಬೇಕೆಂದು 202ನೇ ಕಲಮು ಹೇಳುತ್ತದೆ. ಈ 2 ಗಂಟೆ ಬಂಧನದಿಂದ ಎಣಿಕೆ, ಅಪಘಾತದಿಂದಲ್ಲ! ಗಾಡಿ ಬಿಟ್ಟು ಓಡಿದವನಿಗೆ, ದೊಡ್ಡವರಿಗೆ ಫೋನು ಮಾಡಿಸುವವನಿಗೆ, ಗಡಿಯಾರವೇ ನಡೆಯುವುದಿಲ್ಲ.

2024ರ ಮೇ 19ರಂದು ಪುಣೆಯಲ್ಲಿ ಸಿರಿವಂತರ ಮನೆಯ ಹುಡುಗನ ಕಾರು ಇಬ್ಬರು ಯುವ ಇಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಅಪಘಾತ ನಸುಕಿಗೆ ಮುನ್ನ. ರಕ್ತ ತೆಗೆದದ್ದು ಹೊತ್ತೇರಿದ ಮೇಲೆ. ಸಾಲದ್ದಕ್ಕೆ, ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ತಡವೆಂಬುದು ಬರಿಯ ಸೋಮಾರಿತನವಲ್ಲ. ಹಣವುಳ್ಳವನಿಗೆ ಅದು ಅವಕಾಶ.

ಬಡವನಿಗೂ ತಡವೇ ಶತ್ರು. ಕುಡಿದದ್ದು ರಕ್ತಕ್ಕೆ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು; ಓಡಿಸುವಾಗ ಮಿತಿಯೊಳಗಿದ್ದವನು ತಡವಾದ ಪರೀಕ್ಷೆಯಲ್ಲಿ ಮಿತಿ ಮೀರಿದವನಾಗಬಹುದು. ಪರೀಕ್ಷೆಯೇ ಆಗದಿದ್ದರೆ? ಬಾಯಿ ವಾಸನೆ, ತೂರಾಟ ಇಷ್ಟರಿಂದಲೇ ಕುಡಿದು ಓಡಿಸಿದನೆಂದು ಶಿಕ್ಷಿಸಲಾಗದೆಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಆದರೆ ವಿಮೆಯ ಹಣ ನಿರಾಕರಿಸಲು ಪರೀಕ್ಷೆಯ ವರದಿ ಇಲ್ಲದಿದ್ದರೂ ಸುತ್ತಲಿನ ಸಂಗತಿಗಳಿಂದ ಕಂಪನಿ ತನ್ನ ವಾದ ಸಾಧಿಸಬಹುದೆಂದು ಅದೇ ಕೋರ್ಟು 2021ರಲ್ಲಿ ಹೇಳಿತು. ಫೌಜುದಾರಿಗೊಂದು ಅಳತೆ, ಸಿವಿಲ್ಲಿಗೊಂದು ಅಳತೆ ಎಂಬುದು ನಮಗೂ ಗೊತ್ತು. ಆದರೆ ಫಲವೇನು? ಕುಡಿಯದ ವ್ಯಾಪಾರಿಯ ಮೇಲೆ ವಾಸನೆಯ ಮಾತು ಬಂದರೆ, ಅದನ್ನು ಸುಳ್ಳೆನ್ನಲು ಅವನ ಕೈಯಲ್ಲಿ ಒಂದು ಚೀಟಿಯೂ ಇರದು.

ಗಾಯಾಳುವಿಗೆ ಮೊದಲು ಚಿಕಿತ್ಸೆ ಬೇಡವೇ ಎನ್ನುವರು. ಖಂಡಿತ ಬೇಕು. ವೈದ್ಯರು ಅಡ್ಡಿಯಿಲ್ಲವೆಂದರೆ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಲಿ. ಬಾಯಲ್ಲುಳಿದ ಮದ್ಯ ಯಂತ್ರವನ್ನು ದಾರಿ ತಪ್ಪಿಸದಂತೆ 15 ನಿಮಿಷ ಕಾಯುವುದು ವಿವೇಕ; 3 ಗಂಟೆ ಕಾಯುವುದು ದ್ರೋಹ. ಬ್ರಿಟನ್ನಿನ ಕಾಯಿದೆಯಂತೆ, ಓಡಿಸುವಾಗಿನ ಪ್ರಮಾಣ ಪರೀಕ್ಷೆಯಲ್ಲಿ ಕಂಡದ್ದಕ್ಕಿಂತ ಕಡಿಮೆಯಿರಲಿಲ್ಲವೆಂದು ಕೋರ್ಟು ಭಾವಿಸುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದ ಸಾಕ್ಷ್ಯವನ್ನೂ ಅಲ್ಲಿ ಒಪ್ಪುತ್ತಾರೆ. ನಮ್ಮಲ್ಲಿ ಆಗದೇನು?

ನಾವು ಕೇಳುವುದಿಷ್ಟು: 2 ಗಂಟೆಯ ಎಣಿಕೆ ಅಪಘಾತದ ಕ್ಷಣದಿಂದ ಆರಂಭವಾಗಲಿ. ಪ್ರತಿ ಠಾಣೆಯಲ್ಲೂ ತಪಾಸಣೆಯಾದ ಯಂತ್ರವಿರಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅಹೋರಾತ್ರಿ ರಕ್ತ ತೆಗೆಯುವ ಏರ್ಪಾಡಿರಲಿ. ಅಪಘಾತದ ಹೊತ್ತು, ಪರೀಕ್ಷೆಯ ಹೊತ್ತು ಎರಡನ್ನೂ ಬರೆದ ಚೀಟಿ ಚಾಲಕನಿಗೂ ಗಾಯಾಳುವಿನ ಮನೆಯವರಿಗೂ ಸಿಗಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಪಾಳಿಗೆ ಹತ್ತು ನಿಮಿಷ ತಡವಾದರೆ ನಿಮ್ಮ ಕೂಲಿ ಕಡಿಯುತ್ತಾರೆ. ಗಂಟೆಗಟ್ಟಲೆ ತಡಮಾಡಿ ನ್ಯಾಯವನ್ನೇ ಕಡಿದವರಿಗೆ ಯಾವ ಕಡಿತ? ಈ ಪ್ರಶ್ನೆಯನ್ನು ಠಾಣೆಯ ಬಾಗಿಲಲ್ಲೂ ಶಾಸಕರ ಬಾಗಿಲಲ್ಲೂ ಕೇಳೋಣ.