ಟಾರ್ಟ್‌ಲೆಟ್‌ನಲ್ಲಿ ಸಲ್ಲುವ ಮೊಟ್ಟೆ ಮಕ್ಕಳ ತಟ್ಟೆಯಲ್ಲಿ ಯಾಕೆ ಸಲ್ಲದು?

ಲೆಮನ್ ಮೆರಿಂಗ್ ಟಾರ್ಟ್‌ಲೆಟ್ ಅಂದರೆ ಮೂರು ಅಂತಸ್ತಿನ ಪುಟ್ಟ ತಿನಿಸು. ಕೆಳಗೆ ಬೆಣ್ಣೆ-ಮೈದಾದ ಗರಿಗರಿ ಬಟ್ಟಲು, ನಡುವೆ ನಿಂಬೆಹಣ್ಣಿನ ಹುಳಿ-ಸಿಹಿ ಕರ್ಡ್, ಮೇಲೆ ಸಕ್ಕರೆ ಸೇರಿಸಿ ಕಡೆದ ಬಿಳಿ ನೊರೆ. ಈ ಮೂರರಲ್ಲಿ ಎರಡು ಅಂತಸ್ತು ನಿಂತಿರುವುದು ಮೊಟ್ಟೆಯ ಮೇಲೆ. ನಡುವಿನದಕ್ಕೆ ಹಳದಿ, ಮೇಲಿನದಕ್ಕೆ ಬಿಳಿ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ನಮ್ಮ ಪೈಕಿ ಎಷ್ಟೋ ಜನ ಇದನ್ನು ಕೆಫೆಯಲ್ಲಿ ಕೂತು, ಫೋಟೋ ತೆಗೆದು, ಚಮಚ ನೆಕ್ಕಿ ತಿನ್ನುತ್ತಾರೆ; ಮನೆಗೆ ಬಂದು "ನಮ್ಮಲ್ಲಿ ಮೊಟ್ಟೆ ನಡೆಯಲ್ಲ" ಅನ್ನುತ್ತಾರೆ. ತಿನ್ನದವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಜಗಳ ತಿಂದು ಮುಚ್ಚಿಡುವವರ ಜೊತೆ, ಅದರಲ್ಲೂ ತಾವು ತಿಂದು ಬೇರೆಯವರ ಮಕ್ಕಳಿಗೆ ಬೇಡ ಅನ್ನುವವರ ಜೊತೆ.

ಮೊದಲು ಟಾರ್ಟ್‌ಲೆಟ್ ಮಾಡುವ ವಿಧಾನ ಹೇಳುತ್ತೇನೆ. ವಾದ ಅದರೊಳಗೇ ಇದೆ.

ಬಟ್ಟಲಿಗೆ 200 ಗ್ರಾಂ ಮೈದಾ, 100 ಗ್ರಾಂ ತಣ್ಣನೆಯ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, ಎರಡು ಮೂರು ಚಮಚ ಐಸ್ ನೀರು. ಅಂಗಡಿಯ ಉಪ್ಪು ಬೆಣ್ಣೆ ಹಾಕಿದರೆ ಬೇರೆ ಉಪ್ಪು ಬೇಡ. ಚೆನ್ನೈ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಹಾಗಾಗಿ ಬೆಳಿಗ್ಗೆ ಆರಕ್ಕೆ ಶುರುಮಾಡಿ, ನಾದಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಅಚ್ಚುಗಳಿಗೆ ಒತ್ತಿ, ಕಾಗದ ಹಾಸಿ, ಉಬ್ಬದಂತೆ ಮೇಲೆ ಒಣ ಕಡಲೆಕಾಳು ತುಂಬಿ 170 ಡಿಗ್ರಿಯಲ್ಲಿ ಹದಿನೈದು ನಿಮಿಷ ಬೇಯಿಸಿ. ಕಾಳು ತೆಗೆದು, ಹೊಂಬಣ್ಣ ಬರುವವರೆಗೆ ಮತ್ತೆ ಎಂಟು-ಹತ್ತು ನಿಮಿಷ.

ಕರ್ಡ್‌ಗೆ ಮೂರು ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ, 60 ಮಿಲಿ ನಿಂಬೆರಸ, 60 ಗ್ರಾಂ ಬೆಣ್ಣೆ. ಹೊರದೇಶದ ಪುಸ್ತಕಗಳಲ್ಲಿ ರಸ ಇನ್ನೂ ಜಾಸ್ತಿ ಹೇಳಿರುತ್ತಾರೆ. ಅವರ ಲೆಮನ್ ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ನಮ್ಮದು ತೆಳು ಸಿಪ್ಪೆಯ ಪುಟ್ಟ ನಿಂಬೆ, ವಿಜಯಪುರದ ಇಂಡಿಯ ಕಡೆ ಎಕರೆಗಟ್ಟಲೆ ಬೆಳೆಯುತ್ತಾರಲ್ಲ, ಅದು. ಹುಳಿಯಲ್ಲಿ ಜೋರು. ಸಿಪ್ಪೆಯ ಹಸಿರನ್ನಷ್ಟೇ ಹಗುರವಾಗಿ ತುರಿಯಿರಿ, ಕೆಳಗಿನ ಬಿಳಿ ಭಾಗ ಕಹಿ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕೈಬಿಡದೆ ಕದಡುತ್ತಿದ್ದರೆ 75 ರಿಂದ 80 ಡಿಗ್ರಿಯ ಹೊತ್ತಿಗೆ ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಆಮೇಲೆ ಇಳಿಸಿ ಬೆಣ್ಣೆ ಸೇರಿಸಿ.

ಉಳಿದದ್ದು ಮೂರು ಬಿಳಿ. ಒಂದು ಹನಿ ಹಳದಿ ಬಿದ್ದರೂ, ಪಾತ್ರೆಯಲ್ಲಿ ಜಿಡ್ಡಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ. ಕಡೆದಾಗ ಬಿಳಿಯೊಳಗಿನ ಸುರುಳಿ ಪ್ರೋಟೀನುಗಳು ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದು, ಗಾಳಿಗುಳ್ಳೆಗಳನ್ನು ಹಿಡಿದಿಡುತ್ತವೆ. ನಾಲ್ಕು ಹನಿ ನಿಂಬೆರಸ ಆ ಹೆಣಿಗೆ ಕುಸಿಯದಂತೆ ಕಾಪಾಡುತ್ತದೆ. 180 ಗ್ರಾಂ ಸಕ್ಕರೆಗೆ ಸ್ವಲ್ಪ ನೀರು ಹಾಕಿ 118 ಡಿಗ್ರಿಯ ಪಾಕ ಮಾಡಿ, ತೆಳ್ಳನೆ ಧಾರೆಯಾಗಿ ಸುರಿಯುತ್ತಾ ಬೀಟ್ ಮಾಡಿ. ಸುಮ್ಮನೆ ಸಕ್ಕರೆ ಹಾಕಿ ಕಡೆದ ಮೆರಿಂಗ್ ನಮ್ಮ ಸಮುದ್ರದೂರಿನ ತೇವಕ್ಕೆ ಬೇಗ ಬೆವರುತ್ತದೆ. ಪಾಕದ್ದು ಜಾಸ್ತಿ ಹೊತ್ತು ತಾಳುತ್ತದೆ. ಬಟ್ಟಲುಗಳಿಗೆ ಕರ್ಡ್ ತುಂಬಿ, ಮೇಲೆ ನೊರೆ ಗುಪ್ಪೆ ಹಾಕಿ, ಓವನ್ನಿನ ಮೇಲಿನ ರಾಡ್ ಮಾತ್ರ ಹಚ್ಚಿ ಒಂದೆರಡು ನಿಮಿಷ ಕಂದಿಸಿದರೆ ಮುಗಿಯಿತು.

ಗಮನಿಸಿ, ಮೂರು ಮೊಟ್ಟೆ ಒಡೆದೆವು, ಒಂದು ತೊಟ್ಟೂ ದಂಡವಾಗಲಿಲ್ಲ. ಇನ್ನೊಂದು ಮಾತು. ಕೇಕಿನಲ್ಲಿ ಮೊಟ್ಟೆ ಅಡಗುತ್ತದೆ. "ಸಾರ್, ಕೇಕಲ್ಲಿ ಗೊತ್ತೇ ಆಗಲ್ಲ ಅಲ್ವಾ, ನಡೆಯುತ್ತೆ ಬಿಡಿ" ಅಂತ ನನ್ನ ಟೀಮಿನ ಹುಡುಗರೇ ಎಷ್ಟು ಸಲ ಹೇಳಿಲ್ಲ. ಗೊತ್ತಾಗದಿದ್ದರೆ ನಡೆಯುತ್ತದೆ, ಗೊತ್ತಾದರೆ ಮೈಲಿಗೆ! ಈ ಟಾರ್ಟ್‌ಲೆಟ್‌ನಲ್ಲಿ ಆ ಸೌಲಭ್ಯ ಇಲ್ಲ. ಮೊಟ್ಟೆ ತಲೆಯ ಮೇಲೇ ಬೆಳ್ಳಗೆ ಕೂತಿರುತ್ತದೆ.

ಈಗ ಪುರಸೈವಾಕ್ಕಂಗೆ ಬರೋಣ. ಒಂದು ಕಡೆ ಕೆಲ್ಲೀಸ್, ಇನ್ನೊಂದು ಕಡೆ ವೇಪೇರಿ. ಗುಜರಾತಿನಿಂದ, ರಾಜಸ್ಥಾನದಿಂದ ಬಂದು ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವವರು ಈ ಕಡೆ ಬಹಳ. ಅವರೂ ನಮ್ಮ ಹಾಗೆ ವಲಸೆ ಬಂದವರೇ. ಅವರಿಗಾಗಿ ಎಗ್‌ಲೆಸ್ ಬೇಕರಿಗಳಿವೆ, ಇರಲಿ, ನಾನೂ ಕೊಳ್ಳುತ್ತೇನೆ. ಅದೇ ವೇಪೇರಿಯಲ್ಲಿ ಪೆರಿಯಾರ್ ತಿಡಲ್ ಇದೆ, 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜೂ ಇದೆ. ನಾಮಕ್ಕಲ್‌ನಿಂದ ಬಂದ ಮೊಟ್ಟೆಯ ಟ್ರೇಗಳು ಬೀದಿಬೀದಿಯ ಅಂಗಡಿಯಲ್ಲಿ ರಾಜಾರೋಷವಾಗಿ ಕೂತಿರುತ್ತವೆ. ಎಲ್ಲವೂ ಒಂದೇ ಸೀಮೆಯಲ್ಲಿ ನಡೆದುಕೊಂಡು ಹೋಗುತ್ತಿದೆ.

ಮನೆ ಬಾಡಿಗೆಗೆ ಹುಡುಕುವಾಗ ಮಾತ್ರ ಲೆಕ್ಕ ಬೇರೆ. ನಮಗೆ ಮನೆ ತೋರಿಸಿದ ಒಬ್ಬ ಮಾಲೀಕರು ಸಂಬಳ ಕೇಳುವ ಮೊದಲು "ನೀಂಗ ವೆಜ್ ತಾನೇ?" ಅಂದರು. ಮೊಟ್ಟೆಯನ್ನೂ ಬೇಯಿಸಕೂಡದು ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿದ್ದರು. ಆ ಮನೆ ಬೇಡವೆಂದು ಬಂದೆವು. ಸೋರುವ ನಲ್ಲಿ ಯಾರು ರಿಪೇರಿ ಮಾಡಬೇಕು ಅನ್ನುವುದಕ್ಕೆ ಕರಾರಿನಲ್ಲಿ ಜಾಗ ಇರಲಿಲ್ಲ, ನನ್ನ ಬಾಣಲೆಯೊಳಗೆ ಏನಿರಬೇಕು ಅನ್ನುವುದಕ್ಕೆ ಇತ್ತು. ಇದನ್ನು ನಮ್ಮ ಕನ್ನಡದ ಗೆಳೆಯರೊಬ್ಬರಿಗೆ ಹೇಳಿದರೆ, "ಅಯ್ಯೋ, ನಿಮಗೇನು, ನೀವು ವೆಜ್ ಥರಾನೇ ಕಾಣಿಸ್ತೀರ, ಹೂಂ ಅಂದುಬಿಡಬೇಕಿತ್ತು" ಅಂದರು. ವೆಜ್ ಥರ ಕಾಣುವುದು ಅಂದರೇನು ಸ್ವಾಮಿ? ಹೆಸರು, ಬಣ್ಣ, ಮಾತು, ಹಣೆ ನೋಡಿ ಜಾತಿ ಅಳೆಯುವುದಕ್ಕೆ ಇಟ್ಟ ಸಭ್ಯ ಹೆಸರು. ಹಾಗೆ ಕಾಣದ ಹುಡುಗನಿಗೆ ಸುಳ್ಳು ಹೇಳುವ ಅವಕಾಶವೂ ಇಲ್ಲ. ನಾವು ಸುಲಭವಾಗಿ "ಹೂಂ" ಅಂದ ಪ್ರತಿ ಸಲವೂ ಅವನಿಗೆ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ.

ಇದು ಬರೀ ಬಾಡಿಗೆಮನೆಯ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದೇ ಮುಚ್ಚಾಟ ಊರಿನ ಶಾಲೆಗೂ ಹೋಗಿದೆ.

ಕರ್ನಾಟಕದಲ್ಲಿ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಮಠಗಳಿಂದ, ಸಂಘಟನೆಗಳಿಂದ ಎಷ್ಟು ಗಲಾಟೆಯಾಯಿತು ನೆನಪಿಸಿಕೊಳ್ಳಿ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಯಾರ ಬಾಯಿಗೂ ತುರುಕುತ್ತಿರಲಿಲ್ಲ. ಆದರೂ ಪಕ್ಕದ ಮಗು ತಿನ್ನುವುದೇ ತಪ್ಪು ಅನ್ನುವ ವಾದ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನದ ಮೊಟ್ಟೆ ಸಾಧ್ಯವಾಯಿತು. ಅದಾದ ಮೇಲೂ, 2025ರಲ್ಲಿ, ಮಂಡ್ಯದ ಆಲಕೆರೆಯಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡುತ್ತಾರೆ ಅಂತ ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು.

ನಾವು ಕೆಲಸ ಮಾಡುವ ಈ ರಾಜ್ಯ ಏನು ಮಾಡಿತು? ಮದ್ರಾಸ್ ಕಾರ್ಪೊರೇಷನ್ 1920ರಲ್ಲೇ ಥೌಸಂಡ್ ಲೈಟ್ಸ್‌ನ ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡಲು ಶುರುಮಾಡಿತ್ತು. ಕಾಮರಾಜರು ಐವತ್ತರ ದಶಕದಲ್ಲಿ ಊಟ ಹಾಕಿದರು, ಎಂಜಿಆರ್ 1982ರಲ್ಲಿ ಅದನ್ನು ದೊಡ್ಡದು ಮಾಡಿದರು. 1989ರಲ್ಲಿ ಕರುಣಾನಿಧಿ ಸರ್ಕಾರ ಎರಡು ವಾರಕ್ಕೊಂದು ಮೊಟ್ಟೆ ಸೇರಿಸಿತು. 2010ರ ಹೊತ್ತಿಗೆ ಅದು ವಾರಕ್ಕೆ ಐದಾಯಿತು. ಪಕ್ಷಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ, ಆದರೆ ಅಧಿಕಾರಕ್ಕೆ ಬಂದ ಯಾರೂ ಮಗುವಿನ ತಟ್ಟೆಯಿಂದ ಮೊಟ್ಟೆ ಎತ್ತಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಕರ್ನಾಟಕದಲ್ಲಿ ನೂರಕ್ಕೆ 35, ತಮಿಳುನಾಡಿನಲ್ಲಿ 25. ಈ ಅಂತರಕ್ಕೆಲ್ಲ ಮೊಟ್ಟೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಶಾಲೆಯ ಮೊಟ್ಟೆ ಐದು ವರ್ಷ ದಾಟಿದ ಮಕ್ಕಳಿಗೆ ಸಿಗುವುದು. ಆದರೆ ಮಡಿ-ಮೈಲಿಗೆಯ ಚರ್ಚೆ ಮಾಡಿಕೊಂಡು ಕೂರುವಷ್ಟು ಪುರುಸೊತ್ತು ನೂರಕ್ಕೆ 35 ಇರುವ ರಾಜ್ಯಕ್ಕೆ ಇಲ್ಲ ಅಂತ ಖಂಡಿತ ಹೇಳುತ್ತೇನೆ.

"ಮೊಟ್ಟೆಯೇ ಯಾಕೆ, ಬಾದಾಮಿ ಕೊಡಿ, ಪನೀರ್ ಕೊಡಿ" ಅನ್ನುವವರಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನನ್ನದೊಂದು ಉತ್ತರವಿದೆ. ಹಾಲಿಗೆ ನೀರು ಬೆರೆಸಬಹುದು, ಬೇಳೆಸಾರನ್ನು ತೆಳ್ಳಗೆ ಮಾಡಬಹುದು, ಬಾದಾಮಿಯನ್ನು ಎಣಿಸಿ ಕಮ್ಮಿ ಮಾಡಬಹುದು. ಮೊಟ್ಟೆ ತನ್ನದೇ ಪ್ಯಾಕಿಂಗ್‌ನಲ್ಲಿ ಬರುತ್ತದೆ. ಒಂದರಲ್ಲಿ ಆರು ಗ್ರಾಂ ಪ್ರೋಟೀನ್, ಒಂದು ಮಗುವಿಗೆ ಒಂದು. ಸಿಕ್ಕಿತೋ ಇಲ್ಲವೋ ಅಂತ ಒಂದನೇ ಕ್ಲಾಸಿನ ಮಗುವೇ ಆಡಿಟ್ ಮಾಡಬಲ್ಲದು. ಇಷ್ಟು ಅಗ್ಗದ, ಇಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗುವ ಇನ್ನೊಂದು ಪದಾರ್ಥ ನನಗಂತೂ ಕಾಣುವುದಿಲ್ಲ.

"ಹಾಗಾದರೆ ಎಗ್‌ಲೆಸ್ ತಪ್ಪಾ?" ಖಂಡಿತ ಅಲ್ಲ. ಹಾಸನದ ಕಡೆಯಿಂದ ಬೆಂಗಳೂರಿಗೆ ವಲಸೆ ಬಂದು ಅಯ್ಯಂಗಾರ್ ಬೇಕರಿ ಕಟ್ಟಿದವರು ಮೊಟ್ಟೆಯಿಲ್ಲದ ಬೇಕಿಂಗ್‌ನಲ್ಲಿ ಒಂದು ಪರಂಪರೆಯನ್ನೇ ಮಾಡಿದರು. ಖಾರಾ ಬನ್ ನೆನೆದರೆ ನನಗೂ ಬಾಯಲ್ಲಿ ನೀರು. ಮೆರಿಂಗ್ ಕೂಡ ಮೊಟ್ಟೆಯಿಲ್ಲದೆ ಆಗುತ್ತದೆ. ಕಾಬೂಲ್ ಕಡಲೆ ಬೇಯಿಸಿದ ನೀರು ನೊರೆಯಾಗುತ್ತದೆ ಅಂತ ಜೋಯಲ್ ರೋಸೆಲ್ ಎಂಬ ಫ್ರೆಂಚ್ ಮನುಷ್ಯ 2014ರಲ್ಲಿ ತೋರಿಸಿದ, ಈಗ ಅದಕ್ಕೆ ಅಕ್ವಾಫಾಬಾ ಅನ್ನುತ್ತಾರೆ. ನಾನು ಮಾಡಿದ್ದೇನೆ, ಚೆನ್ನಾಗಿರುತ್ತದೆ. ಸಸ್ಯಾಹಾರಿ ಗೆಳೆಯರು ಮನೆಗೆ ಬಂದರೆ ಅದನ್ನೇ ಮಾಡುತ್ತೇನೆ, ಕರ್ಡ್‌ಗೂ ಹಳದಿಯ ಬದಲು ಕಾರ್ನ್‌ಫ್ಲೋರ್ ಹಾಕುತ್ತೇನೆ, ಬಡಿಸುವಾಗ ಹೇಳುತ್ತೇನೆ. ನಿಜವಾದ ಸಸ್ಯಾಹಾರಿಗೆ ಕೊಡಬೇಕಾದ ಗೌರವ ಇದು. "ಗೊತ್ತಾಗಲ್ಲ ಬಿಡಿ" ಅನ್ನುವುದು ಅವರಿಗೂ ಮಾಡುವ ಮೋಸ.

ಲೆಕ್ಕವನ್ನೂ ನೋಡಿ. 2014ರ ಸರ್ಕಾರಿ ಸಮೀಕ್ಷೆಯೊಂದರಲ್ಲಿ ಕರ್ನಾಟಕದ ಸಸ್ಯಾಹಾರಿಗಳು ನೂರಕ್ಕೆ ಸುಮಾರು 21. ಮಿಕ್ಕ 79 ಜನರ ಊಟ ನಮ್ಮ ಕನ್ನಡ ಸಂಘಗಳ ಎಲೆಯ ಮೇಲೆ ಎಲ್ಲಿದೆ? ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತು, ಮೊಸರನ್ನ, ಹೋಳಿಗೆ. ಅದನ್ನೇ "ಕನ್ನಡದ ಊಟ" ಅನ್ನುತ್ತೇವೆ. ಬಳ್ಳಾರಿಯ, ಮಂಡ್ಯದ, ಮಂಗಳೂರಿನ ಹುಡುಗರು ತಮ್ಮ ಮನೆಯೂಟದ ಬಗ್ಗೆ ಆ ಪಂಕ್ತಿಯಲ್ಲಿ ಬಾಯಿಬಿಡುವುದಿಲ್ಲ. ಊರು ಬಿಟ್ಟು ಮುನ್ನೂರೈವತ್ತು ಕಿಲೋಮೀಟರ್ ಬಂದರೂ ಪಂಕ್ತಿ ಬಿಟ್ಟು ಬರಲಿಲ್ಲ ನಾವು.

ಹಾಗಾಗಿ ಈ ಪತ್ರಿಕೆಯ ಓದುಗರಲ್ಲಿ, ಅಂದರೆ ನನ್ನ ಹಾಗೇ ಲ್ಯಾಪ್‌ಟಾಪು ಹೊತ್ತು ಊರು ಬಿಟ್ಟವರಲ್ಲಿ, ಮೂರು ಬೇಡಿಕೆ. ಸಂಘದ ಸಮಾರಂಭಕ್ಕೆ ಮನೆಯಿಂದ ತಿನಿಸು ತಂದರೆ ಡಬ್ಬಿಯ ಮೇಲೆ "ಮೊಟ್ಟೆ ಇದೆ" ಅಥವಾ "ಮೊಟ್ಟೆ ಇಲ್ಲ" ಅಂತ ದೊಡ್ಡದಾಗಿ ಬರೆಯಿರಿ, ಯಾವುದಕ್ಕೂ ತಲೆತಗ್ಗಿಸಬೇಡಿ. ಮಾಲೀಕರು "ವೆಜ್ಜಾ" ಅಂದರೆ ಸುಳ್ಳು ಹೇಳಿ ಒಳಗೆ ನುಸುಳಬೇಡಿ, "ಬಾಡಿಗೆ ಎಷ್ಟು ಹೇಳಿ ಸಾರ್" ಅನ್ನಿ. ವಾಟ್ಸಾಪಿನಲ್ಲಿ ಶಾಲೆಯ ಮೊಟ್ಟೆ ನಿಲ್ಲಿಸಿ ಅನ್ನುವ ಮನವಿ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ನಿಮ್ಮದೇ ಫೋಟೋಗಳನ್ನು ಒಮ್ಮೆ ಮೇಲಕ್ಕೆ ಸರಿಸಿ ನೋಡಿ. ಅಲ್ಲೆಲ್ಲೋ ಬೆಳ್ಳನೆ ನೊರೆ ಹೊತ್ತ ಟಾರ್ಟ್‌ಲೆಟ್ ಒಂದು ಸಿಕ್ಕರೆ, ಆ ಮನವಿಗೆ ಸಹಿ ಹಾಕುವ ಹಕ್ಕು ನಿಮಗಿಲ್ಲ.