ಅಂಧಗಜನ್ಯಾಯದ ಮರುಪರಿಶೀಲನೆ: ದೃಷ್ಟಿಹೀನ ತರುಣರೊಡನೆ ಕಲಾನಿರ್ಮಾಣ

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಹಳೇಬೀಡಿಗೆ ಅಧ್ಯಯನ ಪ್ರವಾಸ ಹೋಗಿದ್ದೆವು. ತಂಡದಲ್ಲಿ ಹುಟ್ಟಿನಿಂದಲೇ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನಿದ್ದ. ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯ ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲಿದೆ ಎಂದು ಅವನಿಗೆ ವಿವರಿಸಿದೆ. ಸಂರಕ್ಷಿತ ಸ್ಮಾರಕವಾದುದರಿಂದ ಶಿಲ್ಪಗಳನ್ನು ಮುಟ್ಟುವಂತಿರಲಿಲ್ಲ. ಊರಿಗೆ ಮರಳಿದ ಮೇಲೆ ಆತ ಜೇಡಿಮಣ್ಣು ತರಿಸಿಕೊಂಡು ಆ ಸಾಲಿನ ಒಂದು ಆನೆಯನ್ನು ಮಾಡಲು ಕುಳಿತ. “ಸರ್, ಸೊಂಡಿಲು ಒಳಕ್ಕೆ ಸುತ್ತಿಕೊಂಡಿದೆಯೋ ಹೊರಕ್ಕೋ? ಮುಂದಿನ ಆನೆಯ ಬಾಲಕ್ಕೆ ಅದು ತಾಗುತ್ತದೆಯೋ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಜೊತೆಗೆ ಬಂದಿದ್ದ ಯಾರಲ್ಲಿಯೂ ಇರಲಿಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ವರ್ಷವರ್ಷವೂ ಪಾಠ ಹೇಳುವ ನಾನು ಒಂದು ಆನೆಯನ್ನು ವರ್ಣಿಸಲಾರದೆ ಹೋದೆ. ದೃಷ್ಟಿಹೀನ ತರುಣರೊಡನೆ ಕಲಾನಿರ್ಮಾಣ ಎಂಬ ವಿಷಯವು ವಿಶೇಷ ಶಿಕ್ಷಣದವರಿಗಷ್ಟೇ ಸಂಬಂಧಿಸಿದುದಲ್ಲ, ಕನ್ನಡ ಅಧ್ಯಯನಕ್ಕೂ ಸಂಬಂಧಿಸಿದುದು ಎಂಬ ಅರಿವು ನನಗೆ ಮೂಡಿದ್ದು ಅಂದು.

ನಮ್ಮ ಚಿಂತನಾ ಪರಂಪರೆಯಲ್ಲಿ ಸ್ಪರ್ಶಜ್ಞಾನವನ್ನು ಕುರಿತ ಪೂರ್ವಗ್ರಹವೊಂದು ಆಳವಾಗಿ ಬೇರೂರಿದೆ. ಬೌದ್ಧ, ಜೈನ ಮೂಲಗಳೆರಡರಲ್ಲಿಯೂ ದೊರೆಯುವ ಅಂಧಗಜನ್ಯಾಯವು ಇದಕ್ಕೆ ಪ್ರಸಿದ್ಧ ನಿದರ್ಶನ. ಕಾಲನ್ನು ಮುಟ್ಟಿದವನಿಗೆ ಆನೆ ಕಂಬ, ಕಿವಿಯನ್ನು ಮುಟ್ಟಿದವನಿಗೆ ಮೊರ. ಸತ್ಯದ ಒಂದಂಶವನ್ನೇ ಪೂರ್ಣಸತ್ಯವೆಂದು ಭ್ರಮಿಸಬಾರದೆಂಬುದು ಕಥೆಯ ತಾತ್ಪರ್ಯ. ಅದರ ಬಗ್ಗೆ ತಕರಾರಿಲ್ಲ. ಆದರೆ ಸ್ಪರ್ಶವೆಂದರೆ ತುಂಡುತುಂಡಾದ, ನೆಚ್ಚಲಾಗದ ಜ್ಞಾನವೆಂಬ ಭಾವನೆಯನ್ನೂ ಅದು ಜೊತೆಯಲ್ಲಿಯೇ ಬಿತ್ತುತ್ತದೆ. ವಾಸ್ತವವಾಗಿ ಆ ಕಥೆಯ ಅಂಧರ ಸೋಲಿಗೆ ಕಾರಣ ಸ್ಪರ್ಶವಲ್ಲ. ಅವರು ಒಂದೇ ಸಲ, ಒಂದೇ ಕಡೆ ಮುಟ್ಟಿದರು. ಆನೆಯ ಸುತ್ತ ನಡೆದು ನೋಡುವ ಅವಕಾಶವನ್ನು ಅವರಿಗೆ ಯಾರೂ ಕೊಡಲಿಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಧೃತರಾಷ್ಟ್ರನು ಭೀಮನ ಲೋಹಪ್ರತಿಮೆಯನ್ನು ಅಪ್ಪಿ ಪುಡಿಮಾಡುವ ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ಅಂಧನೊಬ್ಬನು ಶಿಲ್ಪವೊಂದನ್ನು ಮುಟ್ಟುವ ಸಂದರ್ಭವನ್ನು ಕಾವ್ಯವು ಚಿತ್ರಿಸಿರುವುದು ವಂಚನೆಯ ಮತ್ತು ವಿನಾಶದ ರೂಪದಲ್ಲಿ.

ಈ ಪೂರ್ವಗ್ರಹವನ್ನು ಪ್ರಶ್ನಿಸುವ ಗಂಭೀರ ಪ್ರಯತ್ನಗಳು ಇಪ್ಪತ್ತನೆಯ ಶತಮಾನದಲ್ಲಿ ನಡೆದಿವೆ. ವಿಯೆನ್ನಾದ ಅಂಧರ ಸಂಸ್ಥೆಯೊಂದರಲ್ಲಿ ಕಲಾಶಿಕ್ಷಕನಾಗಿದ್ದ ವಿಕ್ಟರ್ ಲೋವೆನ್‌ಫೆಲ್ಡ್ ಅಲ್ಲಿನ ಮಕ್ಕಳಿಂದ ಮಣ್ಣಿನ ಶಿಲ್ಪಗಳನ್ನು ಮಾಡಿಸಿ, ಅವುಗಳ ರಚನಾಕ್ರಮವನ್ನು ಅಭ್ಯಸಿಸಿದ. 1939ರಲ್ಲಿ ಪ್ರಕಟವಾದ ಅವನ ಗ್ರಂಥವು ದೃಶ್ಯಪ್ರಧಾನ, ಸ್ಪರ್ಶಪ್ರಧಾನ ಎಂಬ ಎರಡು ಸೃಜನಕ್ರಮಗಳನ್ನು ಗುರುತಿಸುತ್ತದೆ. ಎರಡನೆಯ ಕ್ರಮದಲ್ಲಿ ಅಂಗಗಳ ಪ್ರಮಾಣವನ್ನು ನಿರ್ಧರಿಸುವುದು ಕಣ್ಣಿನ ಅಳತೆಯಲ್ಲ, ದೇಹದ ಅನುಭವ; ಹೊರೆ ಹೊತ್ತವನ ಹೆಗಲು, ಕೂಗುವವನ ಬಾಯಿ ಹಿರಿದಾಗುತ್ತವೆ. ಕಣ್ಣಿರುವವರಲ್ಲಿಯೂ ಈ ಎರಡನೆಯ ಬಗೆಯವರಿದ್ದಾರೆಂಬುದು ಅವನ ವಾದದ ಮುಖ್ಯಾಂಶ. ಟೊರಾಂಟೋದ ಮನೋವಿಜ್ಞಾನಿ ಜಾನ್ ಕೆನಡಿಯ 1993ರ ಅಧ್ಯಯನವು ರೇಖಾಚಿತ್ರಕ್ಕೂ ಈ ಚರ್ಚೆಯನ್ನು ವಿಸ್ತರಿಸಿತು. ರಬ್ಬರು ಹೊದಿಸಿದ ಹಲಗೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯಿಟ್ಟು ಗೀಚಿದರೆ ರೇಖೆಯು ಉಬ್ಬಿ ಬೆರಳಿಗೆ ಸಿಗುತ್ತದೆ. ಇಂತಹ ಹಾಳೆಗಳ ಮೇಲೆ ಅಂಧರು ವಸ್ತುವಿನ ಅಂಚನ್ನು ರೇಖೆಯಿಂದ ಸೂಚಿಸಬಲ್ಲರು, ಇತರರು ಬರೆದ ಉಬ್ಬುಚಿತ್ರಗಳನ್ನು ಗುರುತಿಸಬಲ್ಲರು ಎಂಬುದನ್ನು ಆತ ತೋರಿಸಿದ. ರೇಖೆಯು ಕಣ್ಣಿನ ಸ್ವತ್ತು ಮಾತ್ರವಲ್ಲ ಎಂಬುದು ಇದರಿಂದ ಸ್ಪಷ್ಟ. ಮರಳಿನ ಮೇಲೆ ಬೆರಳೂರಿ ಅಕ್ಷರ ತಿದ್ದಿಸಿದ ನಮ್ಮ ಐಗಳ ಮಠಗಳಿಗೆ ಇದು ತೀರ ಅಪರಿಚಿತವಾದ ಸಂಗತಿಯೂ ಆಗಿರಲಾರದು.

ಭಾರತೀಯ ಸಂದರ್ಭದಲ್ಲಿ ಶಾಂತಿನಿಕೇತನದ ವಿನೋದ ಬಿಹಾರಿ ಮುಖರ್ಜಿಯವರನ್ನು (1904–1980) ಅವಶ್ಯವಾಗಿ ಸ್ಮರಿಸಬೇಕು. ಬಾಲ್ಯದಿಂದಲೇ ದೃಷ್ಟಿದೋಷವಿದ್ದ ಅವರು ಶಸ್ತ್ರಚಿಕಿತ್ಸೆಯೊಂದರ ಬಳಿಕ 1957ರಲ್ಲಿ ಪೂರ್ಣ ಅಂಧರಾದರು. ಅನಂತರವೂ ಕಾಗದ ಕತ್ತರಿಸಿ ಚಿತ್ರ ರಚಿಸಿದರು, ಚಿಕ್ಕ ಶಿಲ್ಪಗಳನ್ನು ಮಾಡಿದರು, ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರವನ್ನು ಸಂಯೋಜಿಸಿದರು. ಸತ್ಯಜಿತ್ ರಾಯ್ 1972ರಲ್ಲಿ ಅವರನ್ನು ಕುರಿತು ತೆಗೆದ ಸಾಕ್ಷ್ಯಚಿತ್ರದ ಹೆಸರು ‘ಒಳಗಣ್ಣು’ ಎಂಬ ಅರ್ಥದ್ದು. ಆ ಚಿತ್ರದ ಬಗ್ಗೆ ಗೌರವವಿಟ್ಟುಕೊಂಡೇ ಈ ರೂಪಕವನ್ನು ಕುರಿತು ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಅಂಧ ಕಲಾವಿದನಿಗೆ ಒಳಗಣ್ಣಿದೆ ಎಂದು ಕೊಂಡಾಡಿದಾಗ ಅವನ ಬೆರಳುಗಳು ಪಟ್ಟ ಶ್ರಮ ಮರೆಯಾಗುತ್ತದೆ. ಕಾವ್ಯಮೀಮಾಂಸೆಯ ‘ದರ್ಶನ’, ನಮ್ಮ ವಿಮರ್ಶೆಯ ‘ಕಾಣ್ಕೆ’ ಎಂಬ ಪರಿಭಾಷೆಗಳೆಲ್ಲ ಕಣ್ಣಿನಿಂದಲೇ ಹುಟ್ಟಿದವು. ಕಣ್ಣಿಲ್ಲದವನ ಸಾಧನೆಯನ್ನು ಮೆಚ್ಚಲು ಅವನಿಗೂ ಒಂದು ಕಣ್ಣನ್ನು ಆರೋಪಿಸಬೇಕಾದುದು ಈ ಪರಿಭಾಷೆಯ ಮಿತಿ. ಮೇಲಾಗಿ, ಐವತ್ತು ವರ್ಷ ಕಂಡು ಅನಂತರ ದೃಷ್ಟಿ ಕಳೆದುಕೊಂಡವರು, ಹುಟ್ಟು ಅಂಧರು, ಅಲ್ಪದೃಷ್ಟಿಯವರು ಇವರ ಅನುಭವಗಳು ಒಂದೇ ಅಲ್ಲ. ಅಲ್ಪದೃಷ್ಟಿಯ ಹುಡುಗಿಗೆ ದಪ್ಪ ರೇಖೆಯೂ ಗಾಢವರ್ಣಗಳ ವೈದೃಶ್ಯವೂ ಬೇಕು. ಹುಟ್ಟು ಅಂಧನಿಗೆ ಮಣ್ಣು, ದಾರ, ಉಬ್ಬುರೇಖೆ ಬೇಕು. ‘ಅಂಧರು’ ಎಂಬ ಒಂದೇ ಪದದಡಿ ಎಲ್ಲರನ್ನೂ ತರುವ ಪಠ್ಯಕ್ರಮವು ಯಾರಿಗೂ ಒದಗುವುದಿಲ್ಲ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಅಂಧರ ಕಲಾಶಿಕ್ಷಣದಲ್ಲಿ ನಮ್ಮದು ಹೆಮ್ಮೆಯ ಇತಿಹಾಸ. ಪಂಚಾಕ್ಷರ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಸ್ವತಃ ದೃಷ್ಟಿಹೀನರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅನ್ನ, ಆಶ್ರಯ, ವಿದ್ಯೆಗಳನ್ನು ಒಟ್ಟಿಗೆ ನೀಡಿ ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ರೂಪಿಸಿದರು. ನಾಟಕವನ್ನೂ ಅದರ ಭಾಗವಾಗಿಸಿದರು. ಅಲ್ಲಿ ಶಿಷ್ಯನಿಗೆ ದೊರೆತದ್ದು ಕನಿಕರವಲ್ಲ, ಕಠಿಣ ಸಾಧನೆಯ ಶಿಸ್ತು. ಸ್ವರ ತಪ್ಪಿದರೆ ತಪ್ಪೇ. ಆದರೆ ಈ ಪರಂಪರೆಯ ಯಶಸ್ಸನ್ನು ನಾವು ತಪ್ಪಾಗಿ ಓದಿಕೊಂಡೆವೇನೋ ಎಂಬ ಸಂದೇಹ ನನ್ನದು. ಅಂಧರಿಗೆ ಸಂಗೀತ ಒಲಿಯುತ್ತದೆ ಎಂಬ ನಂಬಿಕೆಯು ಕ್ರಮೇಣ ಅಂಧರಿಗೆ ಸಂಗೀತ ಮಾತ್ರ ಎಂಬ ಕಟ್ಟಳೆಯಾಯಿತು. ಚಿತ್ರ, ಶಿಲ್ಪಗಳ ಕೊಠಡಿಯ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ‘ಮುಟ್ಟಬೇಡಿ’ ಎಂಬ ಫಲಕವು ಸ್ಮಾರಕಗಳ ರಕ್ಷಣೆಗೆ ಅಗತ್ಯವೇ ಹೌದು. ಆದರೆ ಮುಟ್ಟುವುದನ್ನು ಮೈಲಿಗೆಯೊಡನೆ ಬೆಸೆದ ಸಮಾಜದಲ್ಲಿ ಆ ಮಾತು ಕೇವಲ ಸಂರಕ್ಷಣೆಯ ಮಾತಾಗಿ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ದೃಶ್ಯಕಲೆಯನ್ನು ದೃಷ್ಟಿಹೀನರಿಗೆ ಕಲಿಸುವುದೇ ಹಿಂಸೆ, ಕಣ್ಣಿರುವವರ ಮಾದರಿಯನ್ನು ಅವರ ಮೇಲೆ ಹೇರಿದಂತೆ ಎಂಬ ಆಕ್ಷೇಪವಿದೆ. ಕಣ್ಣಿಗೆ ಕಂಡಂತೆ ಬರೆಯಬೇಕೆಂಬುದೇ ಗುರಿಯಾದರೆ ಈ ಆಕ್ಷೇಪ ನ್ಯಾಯವಾದುದು. ಆದರೆ ಆಕಾರವನ್ನು ಕಟ್ಟುವುದು ಕಣ್ಣಿನ ಗುತ್ತಿಗೆಯಲ್ಲ. ಕೊಠಡಿಯಲ್ಲಿ ಮಾಡಬೇಕಾದುದೂ ದೊಡ್ಡದೇನಲ್ಲ. ಉಪಕರಣಗಳು ಇಟ್ಟಲ್ಲಿಯೇ ಸಿಗುವಂತೆ ಅಂಚಿರುವ ತಟ್ಟೆ ಬೇಕು, ಮಣ್ಣು ಹದವಾಗಿರಬೇಕು, ಸಮಯ ಧಾರಾಳವಾಗಿರಬೇಕು. ಶಿಕ್ಷಕನು ವಿದ್ಯಾರ್ಥಿಯ ಕೈಯನ್ನು ಹಿಡಿದೆಳೆಯದೆ, ತನ್ನ ಕೈಯನ್ನು ಅವನ ಕೈಯ ಕೆಳಗಿಟ್ಟು ಚಲನೆಯನ್ನು ತೋರಿಸಬೇಕು. ಆಗ ಯಾವಾಗ ಬಿಡಬೇಕೆಂಬುದು ವಿದ್ಯಾರ್ಥಿಯ ಇಚ್ಛೆಗೆ ಸೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ವಿಮರ್ಶೆ. ಇಂತಹ ಪ್ರದರ್ಶನಗಳಲ್ಲಿ ‘ಕಣ್ಣಿಲ್ಲದೆಯೂ ಎಷ್ಟು ಚೆನ್ನಾಗಿ ಮಾಡಿದ್ದಾರೆ’ ಎಂಬ ಉದ್ಗಾರವು ಕೃತಿಯನ್ನು ಓದುವ ಹೊಣೆಯಿಂದ ತಪ್ಪಿಸಿಕೊಳ್ಳುವ ಉಪಾಯವೇ ಆಗಿರುತ್ತದೆ. ನಮ್ಮ ವಿದ್ಯಾರ್ಥಿಯ ಆನೆಯನ್ನು ನಾನೂ ಹಾಗೆಯೇ ಹೊಗಳಿದ್ದೆ. “ಕಾಲುಗಳು ಭಾರ ಹೊತ್ತಿಲ್ಲ ಸರ್, ನಿಮಗೆ ಗೊತ್ತಾಗಲಿಲ್ಲವೆ?” ಎಂದು ಅವನು ಕೇಳಿದ. ನಿಜ, ಕಾಲುಗಳು ಸಣಕಲಾಗಿದ್ದವು. ಒಬ್ಬ ಕಲಾವಿದನಿಗೆ ಸಲ್ಲಬೇಕಾದ ನಿಷ್ಠುರತೆಯನ್ನು ನಾನು ಅವನಿಗೆ ನಿರಾಕರಿಸಿದ್ದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೆಯ ಪ್ರಕರಣವು ಸಾಂಸ್ಕೃತಿಕ ಬದುಕಿನ ಹಕ್ಕನ್ನು ಮಾನ್ಯಮಾಡಿ, ಕಲಾವಿಷಯಗಳ ಪಠ್ಯಕ್ರಮವನ್ನು ಅದಕ್ಕೆ ತಕ್ಕಂತೆ ಮರುರೂಪಿಸಬೇಕೆನ್ನುತ್ತದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ ಮುಟ್ಟಿ ನೋಡಬಹುದಾದ ಪ್ರತಿಕೃತಿಗಳ ವಿಭಾಗವೊಂದು ಆರಂಭವಾಯಿತು. ಕನ್ನಡ ವಿಭಾಗಗಳು ಕಾಯ್ದೆಯ ಜಾರಿಗಾಗಿ ಕಾಯಬೇಕಾಗಿಲ್ಲ. ಪ್ರವಾಸಕ್ಕೆ ಹೋಗುವ ಮೊದಲು ಚಿತ್ರಕಲಾ ವಿಭಾಗದ ನೆರವಿನಿಂದ ಒಂದೆರಡು ಶಿಲ್ಪಗಳ ಪ್ರತಿಕೃತಿ ಮಾಡಿಸಿಕೊಳ್ಳಬಹುದು. ಕುಂಬಾರರು, ನೇಕಾರರು, ಮೇದರು ಬಳಸುವ ಸ್ಪರ್ಶಸಂಬಂಧಿ ಪದಗಳನ್ನು ಸಂಗ್ರಹಿಸಬಹುದು. ನುಣುಪು, ನವಿರು, ತರಿ, ಜಿಗುಟು, ಏಣು, ಹದ ಎಂಬಂಥ ಮಾತುಗಳು ಬರಿಯ ನಿಘಂಟಿನ ಸಾಮಗ್ರಿಯಲ್ಲ, ಕಲಾಕೊಠಡಿಯ ಪರಿಭಾಷೆಯಾಗಬಲ್ಲವು. ವರ್ಣನೆಯನ್ನು ಪಾಠ ಮಾಡುವಾಗ, ಕಣ್ಣಿರುವ ವಿದ್ಯಾರ್ಥಿಯು ವರ್ಣಿಸಿದುದನ್ನು ಕೇಳಿ ದೃಷ್ಟಿಹೀನ ಸಹಪಾಠಿಯು ಮಣ್ಣಿನಲ್ಲಿ ರೂಪಿಸುವ ಅಭ್ಯಾಸವನ್ನಿಡಬಹುದು. ರೂಪವು ಕೆಟ್ಟರೆ ದೋಷ ಮಣ್ಣಿನದೋ ಮಾತಿನದೋ ಎಂದು ಇಬ್ಬರೂ ಕೂಡಿ ಪರಿಶೀಲಿಸಬೇಕಾಗುತ್ತದೆ. ನಮ್ಮ ತರಗತಿಯಲ್ಲಿ ಆ ದಿನ ದೋಷವಿದ್ದುದು ಮಾತಿನಲ್ಲಿ. ಮರುವರ್ಷ ಹಳೇಬೀಡಿಗೆ ಹೋದಾಗ ನಾನು ಮೊದಲು ನೋಡಿದ್ದು ಆನೆಗಳ ಸೊಂಡಿಲನ್ನು.