ನಿಸ್ತಂತು ಅಲೆಗಳೂ ಹಸುಳೆಗಳೂ

ಊರಿನಲ್ಲಿ ಹೊಸದೊಂದು ಮೊಬೈಲು ಗೋಪುರವು ತಲೆಯೆತ್ತಿದೊಡನೆಯೆ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಕೇಡಾಗುವುದೆಂದು ಅರ್ಜಿ ಬರೆಯುವ ಮಹನೀಯರು, ಅದೇ ಸಂಜೆ ಮೊಮ್ಮಗುವಿನ ಅಳುವನ್ನು ನಿಲ್ಲಿಸಲು ಅದರ ಕೈಗೆ ಮೊಬೈಲನ್ನೇ ಕೊಡುತ್ತಾರೆ. ಈ ವಿಪರೀತವನ್ನು ಕುರಿತು ಎರಡು ಮಾತುಗಳನ್ನಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಅಲೆಗಳು ಕ್ಷಕಿರಣಗಳಂತೆ ದೇಹದ ಅಣುಗಳನ್ನು ಒಡೆಯತಕ್ಕ ಶಕ್ತಿಯುಳ್ಳವುಗಳಲ್ಲ. ಅವು ಮೈಯನ್ನು ಕೊಂಚ ಬಿಸಿಮಾಡುತ್ತವೆಂಬುದೊಂದೇ ನಿಸ್ಸಂದೇಹವಾಗಿ ಸಿದ್ಧಪಟ್ಟಿರುವ ಸಂಗತಿ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2011ರಲ್ಲಿ ಇವುಗಳನ್ನು ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಯಲ್ಲಿ ಸೇರಿಸಿದರು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಇಲಿಗಳನ್ನು ಗರ್ಭದಲ್ಲಿದ್ದಾಗಿನಿಂದಲೇ ದಿನಕ್ಕೆ 9 ಗಂಟೆಗಳಂತೆ ಎರಡು ವರ್ಷಗಳವರೆಗೆ ಪ್ರಬಲವಾದ ಅಲೆಗಳಿಗೆ ಒಡ್ಡಿ, ಗಂಡಿಲಿಗಳ ಹೃದಯದಲ್ಲಿ ಗೆಡ್ಡೆಗಳನ್ನು ಕಂಡುದಾಗಿ 2018ರಲ್ಲಿ ವರದಿಮಾಡಿದರು. ಅದೇ ಗಂಡಿಲಿಗಳು ಅಲೆ ಸೋಕದ ಗಂಡಿಲಿಗಳಿಗಿಂತ ಹೆಚ್ಚು ಕಾಲ ಬದುಕಿದುವು. ಭಯವನ್ನು ಮಾರಿ ಜೀವಿಸುವವರು ಈ ಎರಡನೆಯ ಮಾತನ್ನು ಎತ್ತುವುದೇ ಇಲ್ಲ!

ಗೋಪುರವನ್ನು ಕಿತ್ತುಹಾಕಿಸಿದರೆ ಕ್ಷೇಮವೆಂಬ ನಂಬಿಕೆಯಾದರೋ ತೀರ ಹುಸಿಯಾದುದು. ಗೋಪುರವು ದೂರವಾದಷ್ಟೂ, ಅದನ್ನು ಮುಟ್ಟಲು ಕೈಯಲ್ಲಿರುವ ಯಂತ್ರವು ಹೆಚ್ಚು ಬಲದಿಂದ ಅಲೆಗಳನ್ನು ಹೊರಡಿಸಬೇಕಾಗುತ್ತದೆ. ಆ ಯಂತ್ರವಿರುವುದು ಬಸುರಿಯ ಮಡಿಲಿನಲ್ಲಿ, ಕೂಸಿನ ದಿಂಬಿನ ಬದಿಯಲ್ಲಿ. ದೂರವು ಎರಡು ಪಟ್ಟಾದರೆ ಅಲೆಯ ಸೋಂಕು ಸುಮಾರಾಗಿ ಕಾಲುಭಾಗಕ್ಕಿಳಿಯುವುದು. ಆದಕಾರಣ ತೊಟ್ಟಿಲಿನಿಂದ ನಾಲ್ಕು ಮಾರು ಆಚೆಗೆ ಅದನ್ನಿಡುವುದು ನೂರು ಅರ್ಜಿಗಳಿಗಿಂತ ಮೇಲು.

ನಮ್ಮ ಸರ್ಕಾರದವರು 2012ರಲ್ಲಿ ಮೊಬೈಲು ಯಂತ್ರಗಳಿಗೆ ಕಿಲೋಗ್ರಾಮಿಗೆ 1.6 ವ್ಯಾಟಿನ ಮಿತಿಯನ್ನು ವಿಧಿಸಿದುದು ಸ್ತುತ್ಯವೇ. ಆದರೆ ಇಂತಹ ಅಳತೆಗೆ ಬಳಸುವ ತಲೆಯ ಬೊಂಬೆಯು ಅಮೆರಿಕದ ಸೈನ್ಯದ ಗಂಡಸರ ತಲೆಯ ಪ್ರಮಾಣವನ್ನನುಸರಿಸಿ ಮಾಡಿದುದು. ತೆಳುವಾದ ಬುರುಡೆಯ ಹಸುಳೆಗೆ ಆ ಲೆಕ್ಕವೇ ಸಾಕೆಂದು ಹೇಳುವ ಧೈರ್ಯ ನಮಗಿಲ್ಲ. ಫ್ರಾನ್ಸಿನವರು ಕೇಡು ರುಜುವಾತಾಗುವವರೆಗೆ ಕಾಯಲಿಲ್ಲ. 2015ರ ಕಾನೂನಿನಿಂದ, ಮೂರು ವರ್ಷಕ್ಕೆ ಕೆಳಗಿನ ಮಕ್ಕಳನ್ನಿರಿಸಿಕೊಳ್ಳುವ ಶಿಶುವಿಹಾರಗಳ ಕೊಠಡಿಗಳಲ್ಲಿ ವೈಫೈ ಯಂತ್ರಗಳನ್ನಿಡಕೂಡದೆಂದು ವಿಧಿಸಿದರು. ಪ್ರಾಥಮಿಕ ಶಾಲೆಗಳಲ್ಲಿ ಪಾಠಕ್ಕೆ ಬೇಕಿಲ್ಲದ ವೇಳೆಯಲ್ಲಿ ಅವುಗಳನ್ನು ಆರಿಸಬೇಕೆಂದರು. ಇದಕ್ಕೆ ಬೊಕ್ಕಸದಿಂದ ಹಣವೇನೂ ಬೇಕಾಗುವುದಿಲ್ಲ. ಒಂದು ಗುಂಡಿಯನ್ನು ಒತ್ತಿದರಾಯಿತು. ಇದೇ ಅರ್ಥದ ಸುತ್ತೋಲೆಯೊಂದನ್ನು ಮುಂದಿನ ಶಾಲಾವರ್ಷವು ಪ್ರಾರಂಭವಾಗುವುದರೊಳಗಾಗಿ ನಮ್ಮ ಶಿಶುವಿಹಾರಗಳಿಗೂ ಅಂಗನವಾಡಿಗಳಿಗೂ ಕಳುಹಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ.